ಇಳಿಜಾರಿನ ಮ್ಯಾರಥಾನ್ ನಿಜಕ್ಕೂ ಸುಲಭವಾ? ಸೇಂಟ್ ಜಾರ್ಜ್ ಓಡಿದವರು ಹೇಳಿ

ಓಟದಕ್ಕ · ಜುಲೈ 12, 2025

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ಊರು ದಾವಣಗೆರೆ, ಇರುವುದು ಬೆಂಗಳೂರು. ವಯಸ್ಸು 43, ಡಿಸೆಂಬರ್‌ಗೆ 44. ಇದುವರೆಗೆ ನಾಲ್ಕು ಫುಲ್ ಮ್ಯಾರಥಾನ್ (42 ಕಿ.ಮೀ.) ಆಗಿದೆ, ಅದರಲ್ಲಿ ಒಳ್ಳೆಯ ಟೈಮಿಂಗ್ 3 ಗಂಟೆ 52 ನಿಮಿಷ. ತಮ್ಮ ಲಾಸ್ ವೇಗಸ್‌ನಲ್ಲಿದ್ದಾನೆ. ಅಕ್ಟೋಬರ್‌ನಲ್ಲಿ ಅವನ ಮನೆಗೆ ಹೋಗುವುದಿತ್ತು. ಅದೇ ನೆಪದಲ್ಲಿ, ಅಲ್ಲಿಂದ ಎರಡು ಗಂಟೆ ದಾರಿಯ ಸೇಂಟ್ ಜಾರ್ಜ್ ಮ್ಯಾರಥಾನ್‌ಗೆ ಹೆಸರು ಕೊಟ್ಟುಬಿಟ್ಟೆ. ಯೂಟಾ ರಾಜ್ಯದಲ್ಲಿದೆ. ಬೆಟ್ಟದ ಮೇಲೆ ಶುರು, ಊರಲ್ಲಿ ಮುಕ್ತಾಯ.

ಎಷ್ಟು ಇಳಿಜಾರು ಅಂತ ನಮ್ಮ ಲೆಕ್ಕದಲ್ಲಿ ಹೇಳುತ್ತೇನೆ. ಶುರುವಾಗುವ ಜಾಗ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ನಂದಿ ಬೆಟ್ಟದ ತುದಿ 1,478 ಮೀಟರ್, ಅಂದರೆ ಅದಕ್ಕಿಂತ ಮೇಲೆ. ಮುಗಿಯುವ ಜಾಗ 820 ಮೀಟರ್ ಹತ್ತಿರ, ನಮ್ಮ ಬೆಂಗಳೂರಿಗಿಂತ ತಗ್ಗು. ಒಟ್ಟು ಇಳಿಯುವುದು 780 ಮೀಟರ್.

ನನ್ನ ಕ್ಲಬ್‌ನವರೆಲ್ಲ "ಅಯ್ಯೋ ಆರಾಮು, ಉರುಳಿಕೊಂಡೇ ಬರಬಹುದು" ಅನ್ನುತ್ತಾರೆ. ನಿಜವಾ? ಬೆಂಗಳೂರಲ್ಲಿ ಇದಕ್ಕೆ ತಯಾರಿ ಎಲ್ಲಿ ಮಾಡಲಿ? ಇನ್ನೊಂದು ಹೊಟ್ಟೆ ಉರಿಸುವ ವಿಷಯ. ಬಾಸ್ಟನ್ ಮ್ಯಾರಥಾನ್‌ಗೆ ಅರ್ಹತೆ ಸಿಗಲಿ (ಬೇರೆ ಮ್ಯಾರಥಾನನ್ನು ವಯಸ್ಸಿಗೆ ತಕ್ಕ ಟೈಮಿಂಗ್ ಒಳಗೆ ಮುಗಿಸಿದರೆ ಅಲ್ಲಿಗೆ ಅರ್ಜಿ ಹಾಕಬಹುದು) ಅಂತಲೇ ಈ ಓಟ ಆರಿಸಿದ್ದು. ನಾನು ದುಡ್ಡು ಕಟ್ಟಿದ ಮೇಲೆ, ಜೂನ್‌ನಲ್ಲಿ, ಇಳಿಜಾರಿನ ಓಟಗಳಿಗೆ ಹೊಸ ನಿಯಮ ತಂದಿದ್ದಾರೆ. ಯಾರಾದ್ರೂ ಬಿಡಿಸಿ ಹೇಳಿ.

ಗಾಳಿಪಟ77 · ಜುಲೈ 12

ಸೈಕಲ್‌ನಲ್ಲಿ ಇಳಿಜಾರು ಸಿಕ್ಕಾಗ ಪೆಡಲ್ ಮೇಲೆ ಕಾಲಿಟ್ಟು ಸುಮ್ನೆ ಕೂತು, ಮನೆಗೆ ಬಂದು "ತುಳಿದು ಸಾಕಾಯ್ತು" ಅಂದ ಹಾಗಾಯ್ತು. ಬೇಜಾರಾಗಬೇಡಿ ಮೇಡಂ, ಅನ್ನಿಸಿದ್ದು ಹೇಳಿದೆ.

ಕೊಟ್ಟಿಗೆಹಾರ · ಜುಲೈ 12

ಗಾಳಿಪಟ ಅವರೇ, ನೀವು ಇಳಿಜಾರಲ್ಲಿ ಎಷ್ಟು ಕಿ.ಮೀ. ಓಡಿದ್ದೀರಿ? ಓಡಿಲ್ಲ ಅಂತ ಬರೆದ ರೀತಿಯಲ್ಲೇ ಗೊತ್ತಾಗುತ್ತೆ.

ನಮ್ಮಪ್ಪ ಬಸ್ ಡ್ರೈವರ್ ಆಗಿದ್ದರು. ಇಪ್ಪತ್ತು ವರ್ಷ ಚಾರ್ಮಾಡಿ ಘಾಟಿ ಹತ್ತಿ ಇಳಿದವರು. ಅವರು ಹೇಳುತ್ತಿದ್ದದ್ದು ಒಂದೇ ಮಾತು: ಹತ್ತುವಾಗ ಇಂಜಿನ್ ನೋಡ್ಕೋ, ಇಳಿಯುವಾಗ ಬ್ರೇಕ್ ನೋಡ್ಕೋ. ಹೊಸ ಡ್ರೈವರ್‌ಗಳು ಬ್ರೇಕ್ ಒತ್ತಿಕೊಂಡೇ ಇಳಿಸುತ್ತಾರೆ. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಲೈನರ್ ಸುಟ್ಟ ವಾಸನೆ ಬಸ್ಸಿನೊಳಗೆಲ್ಲ ತುಂಬಿಕೊಳ್ಳುತ್ತೆ. ಆಮೇಲೆ ಬ್ರೇಕ್ ಹಿಡಿಯೋದೇ ಇಲ್ಲ. ಓಡುವವರಿಗೆ ಆ ಲೈನರ್ ಅಂದರೆ ತೊಡೆ. ಹೆಜ್ಜೆ ಹೆಜ್ಜೆಗೂ ಹಿಮ್ಮಡಿ ಊರಿ ತಡೆದುಕೊಂಡು ಇಳಿದರೆ 30 ಕಿ.ಮೀ. ಹೊತ್ತಿಗೆ ತೊಡೆ ಸುಟ್ಟು ಹೋಗಿರುತ್ತೆ. ಉಸಿರು ಚೆನ್ನಾಗಿರುತ್ತೆ, ಎದೆ ಬಡಿತ ಚೆನ್ನಾಗಿರುತ್ತೆ, ಕಾಲು ಮಾತ್ರ ಮಾತು ಕೇಳಲ್ಲ.

ಗೇರ್‌ನಲ್ಲಿ ಇಳಿಯಿರಿ ಅಕ್ಕ. ಸಣ್ಣ ಹೆಜ್ಜೆ, ಬೇಗ ಬೇಗ ಹೆಜ್ಜೆ.

ಗಾಳಿಪಟ77 · ಜುಲೈ 12

ಬಸ್ಸಿನ ಕಥೆ ಚೆನ್ನಾಗಿದೆ. ಆದ್ರೂ ಬಸ್ಸು ಇಳಿಯುವಾಗ ಡೀಸೆಲ್ ಕಮ್ಮಿ ಕುಡಿಯುತ್ತೆ ಅಲ್ವಾ?

ಡಲ್ಲಾಸ್_ದೊಡ್ಡಪ್ಪ · ಜುಲೈ 13

ಸೇಂಟ್ ಜಾರ್ಜ್ ಎರಡು ಸಲ ಓಡಿದ್ದೇನೆ, ಒಂದು ಸಲ ಚೆನ್ನಾಗಿ, ಒಂದು ಸಲ ಹೀನಾಯವಾಗಿ. ಹೀನಾಯವಾಗಿ ಓಡಿದ್ದರಿಂದಲೇ ಜಾಸ್ತಿ ಕಲಿತೆ, ಅದನ್ನೇ ಹೇಳುತ್ತೇನೆ.

ಬೆಳಗಿನ ಜಾವ ನಾಲ್ಕು ಗಂಟೆಗೆಲ್ಲ ಊರಿನ ಪಾರ್ಕ್ ಹತ್ತಿರ ಬಸ್ಸಿಗೆ ಸಾಲು ನಿಂತಿರುತ್ತೆ. ಹಳದಿ ಸ್ಕೂಲ್ ಬಸ್ಸುಗಳು. ಕತ್ತಲಲ್ಲಿ ಬೆಟ್ಟ ಹತ್ತುತ್ತಾ ಹೋಗುತ್ತೆ, ಹೋಗುತ್ತೆ, ಹೋಗುತ್ತಲೇ ಇರುತ್ತೆ. "ಇಷ್ಟು ದೂರಾನೂ ನಾನೇ ವಾಪಸ್ ಓಡಬೇಕಾ" ಅಂತ ಹೊಟ್ಟೆಯಲ್ಲಿ ಚುರ್ ಅನ್ನುತ್ತೆ. ಮೇಲೆ ಇಳಿದರೆ ಕೊರೆಯುವ ಚಳಿ. ಅಲ್ಲಲ್ಲಿ ಕಟ್ಟಿಗೆ ರಾಶಿ ಹಾಕಿ ಬೆಂಕಿ ಹಚ್ಚಿರುತ್ತಾರೆ. ಸಾವಿರಾರು ಜನ ಸುತ್ತ ನಿಂತು ಅಂಗೈ ಕಾಯಿಸಿಕೊಳ್ಳುತ್ತಿರುತ್ತಾರೆ, ಥೇಟ್ ನಮ್ಮ ಹಳ್ಳಿ ಕಡೆ ಮಾಘ ಮಾಸದ ಮುಂಜಾನೆ. ಮನೆಯಿಂದ ಒಂದು ಹಳೇ ಸ್ವೆಟರ್ ಹಾಕಿಕೊಂಡು ಹೋಗಿ, ಓಟ ಶುರುವಾಗುವಾಗ ಅಲ್ಲೇ ತೆಗೆದು ಎಸೆಯಿರಿ. ಅವನ್ನೆಲ್ಲ ಆರಿಸಿ ಇಲ್ಲದವರಿಗೆ ಕೊಡುತ್ತಾರೆ.

6.45ಕ್ಕೆ ಶುರು, ಆಗಿನ್ನೂ ಕತ್ತಲೆ. ಮೊದಲ ಏಳು ಮೈಲಿ ಮೆತ್ತಗೆ ಇಳಿಯುತ್ತೆ. ಇಲ್ಲೇ ಎಲ್ಲರೂ ಮೋಸ ಹೋಗೋದು. ಚಳಿ, ಜನಸಂದಣಿ, ಇಳಿಜಾರು ಎಲ್ಲ ಸೇರಿ ಕಾಲು ತಾನಾಗೇ ಓಡುತ್ತೆ. ಆಮೇಲೆ ವೇಯೋ ಅಂತ ಒಂದು ಪುಟ್ಟ ಊರು, ಪಕ್ಕದಲ್ಲಿ ಆರಿಹೋದ ಜ್ವಾಲಾಮುಖಿ, ಸೂಜಿಮಲ್ಲಿಗೆ ಮೊಗ್ಗಿನಷ್ಟು ಚೂಪಲ್ಲ, ಬುಟ್ಟಿ ಬೋರಲು ಹಾಕಿದ ಹಾಗೆ. ಅಲ್ಲಿ ಒಂದು ಮೈಲಿ ಒಳ್ಳೆ ಏರು. ಅದು ಮುಗಿದರೆ ಬಿಡುಗಡೆ ಅಂದುಕೊಳ್ಳಬೇಡಿ. ಮುಂದಿನ ಮೂರು ನಾಲ್ಕು ಮೈಲಿ ಸಪಾಟು ಅನ್ನಿಸುತ್ತೆ, ಆದರೆ ಏರುತ್ತಲೇ ಇರುತ್ತೆ. ನಕ್ಷೆಯಲ್ಲಿ "ಇಳಿಜಾರು" ಅಂತ ನೋಡಿಕೊಂಡು ಬಂದವರಿಗೆ ಇಲ್ಲಿ ಬೈಗುಳ ಬಾಯಿಗೆ ಬರುತ್ತೆ.

ಹದಿನಾಲ್ಕು ಹದಿನೈದನೇ ಮೈಲಿಯಿಂದ ನಿಜವಾದ ಇಳಿಜಾರು. ಬಲಗಡೆ ಸ್ನೋ ಕ್ಯಾನ್ಯನ್ ಅನ್ನೋ ಕಣಿವೆ, ಕೆಂಪು ಕಲ್ಲು, ನಡುನಡುವೆ ಕಪ್ಪು ಲಾವಾ ಕಲ್ಲು. ಆ ಜಾಗದಲ್ಲಿ ಒಂದೆರಡು ಸಲ ತಲೆ ಎತ್ತಿ ನೋಡಿ, ಅದಕ್ಕೇ ಅಲ್ವಾ ಅಷ್ಟು ದೂರ ಬರೋದು. ಮೊದಲ ವರ್ಷ ನಾನು ಮೊದಲರ್ಧ ಹಾರಿಕೊಂಡು ಬಂದು, ಈ ಚೆಂದದ ಜಾಗಕ್ಕೆ ಬರುವಾಗ ತೊಡೆ ಎರಡೂ ಮರದ ಕೊರಡು. ಇಳಿಜಾರಲ್ಲಿ ನಡೆದೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ನನ್ನ ಭುಜ ತಟ್ಟಿ ಮುಂದೆ ಹೋದರು.

ಮೂಳೆಮಾತು · ಜುಲೈ 13

ನಾನು ಮೈಸೂರಲ್ಲಿ ಫಿಸಿಯೋ. ಕೊಟ್ಟಿಗೆಹಾರದವರ ಬ್ರೇಕ್ ಲೈನರ್ ಹೋಲಿಕೆ ಸರಿಯಾಗಿದೆ, ಕದ್ದು ನನ್ನ ಪೇಷಂಟ್‌ಗಳಿಗೆ ಹೇಳುತ್ತೇನೆ.

ಏರು ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಮೈಭಾರ ಹಿಡಿದು ನಿಲ್ಲಿಸಬೇಕು. ಹಿಗ್ಗುವಾಗ ಭಾರ ಹೊತ್ತರೆ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟಾಗುತ್ತೆ. ನೋವು ಆವತ್ತು ಗೊತ್ತಾಗಲ್ಲ. ಮಾರನೇ ದಿನದಿಂದ ಮೂರನೇ ದಿನದವರೆಗೆ ಏರುತ್ತೆ. ಗಾಳಿಪಟ ಅವರು ಹೇಳಿದ ಡೀಸೆಲ್ ಮಾತೂ ನಿಜ, ಇಳಿಯುವಾಗ ಶಕ್ತಿ ಕಮ್ಮಿ ಖರ್ಚಾಗುತ್ತೆ. ಅದಕ್ಕೇ ಮೋಸ. ಉಸಿರು ಆರಾಮಾಗಿರೋದರಿಂದ ಕಾಲು ಹಾಳಾಗ್ತಿದೆ ಅಂತ ತಿಳಿಯೋದೇ ಇಲ್ಲ.

ಒಳ್ಳೆ ಸುದ್ದಿ ಏನಂದ್ರೆ, ಒಂದು ಸಲ ಪೆಟ್ಟು ತಿಂದು ಚೇತರಿಸಿಕೊಂಡ ಸ್ನಾಯು ಮುಂದಿನ ಸಲ ಅಷ್ಟು ನೋಯಲ್ಲ. ಆ ರಕ್ಷಣೆ ಕೆಲವು ವಾರ ಉಳಿಯುತ್ತೆ. ಆದ್ದರಿಂದ ಈಗಿಂದಲೇ ವಾರಕ್ಕೊಮ್ಮೆ ಇಳಿಜಾರು ಓಡಿ. ಮೊದಲ ದಿನ ಸ್ವಲ್ಪವೇ. ಜೋರಾದ ಕೊನೆಯ ಇಳಿಜಾರು ಓಟ ರೇಸ್‌ಗೆ ಎರಡು ಮೂರು ವಾರ ಮುಂಚೆ ಮುಗಿದಿರಲಿ.

ಓಟದಕ್ಕ · ಜುಲೈ 13

ಎಲ್ಲರಿಗೂ ಥ್ಯಾಂಕ್ಸ್. ದೊಡ್ಡಪ್ಪ ಅವರೇ, ಓದುವಾಗಲೇ ಚಳಿ ಆಯ್ತು. ಹಾಗಾದರೆ ಭಾನುವಾರ ಭಾನುವಾರ ನಂದಿಗೆ ಹೋಗಿ ಮೇಲಿಂದ ಕೆಳಗೆ ಓಡಲಾ?

ಮೂಳೆಮಾತು · ಜುಲೈ 13

ಭಾನುವಾರ ಬೇಡವೇ ಬೇಡ, ಕಾರು ಬೈಕುಗಳ ಜಾತ್ರೆ. ಅದೂ ಅಲ್ಲದೆ ನಂದಿ ರಸ್ತೆ ತೀರಾ ಕಡಿದು, ಹೆಚ್ಚು ಕಮ್ಮಿ 6 ಪರ್ಸೆಂಟ್. ನಿಮ್ಮ ಓಟದ ಸರಾಸರಿ 2 ಪರ್ಸೆಂಟ್ ಒಳಗೇ ಇದೆ. ತಿಂಗಳಿಗೆ ಒಂದು ಸಲ ನಂದಿ ಸಾಕು. ಉಳಿದದ್ದಕ್ಕೆ ಮನೆ ಹತ್ತಿರ ಒಂದು ಕಿ.ಮೀ. ಉದ್ದದ ಸಾಧಾರಣ ಇಳಿಜಾರು ಹುಡುಕಿ. ನಡೆದು ಹತ್ತಿ, ಓಡಿ ಇಳಿಯಿರಿ, ಮತ್ತೆ ನಡೆದು ಹತ್ತಿ.

ಮೆಟ್ಟಿಲುಮಹದೇವ · ಜುಲೈ 14

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇಳಿದರೆ ಸಾಲದಾ? ನಾನು ಪ್ರತಿ ಮಂಗಳವಾರ ಇಳಿಯುತ್ತೇನೆ. ಮಂಡಿ ಕಲ್ಲಿನ ಹಾಗಿದೆ.

ಮೂಳೆಮಾತು · ಜುಲೈ 14

ಮಹದೇವಣ್ಣ, ನಿಮ್ಮ ಮಂಡಿ ಹಾಗಿರೋದು ನಿಮ್ಮ ಅದೃಷ್ಟ. ಅದೇ ಮೆಟ್ಟಿಲು ಇಳಿದು ನನ್ನ ಹತ್ತಿರ ಬಂದವರ ಲಿಸ್ಟ್ ಕೊಡಲಾ?

ಮೆಟ್ಟಿಲುಮಹದೇವ · ಜುಲೈ 14

ತಾಯಿ ಕೃಪೆ ಅನ್ನಿ, ಅದೃಷ್ಟ ಅನ್ನಬೇಡಿ.

ಲೆಕ್ಕದಪುಸ್ತಕ · ಜುಲೈ 14

ಬಾಸ್ಟನ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ.

2027ರ ಬಾಸ್ಟನ್‌ನಿಂದ ಹೊಸ ನಿಯಮ. ಶುರುವಿನಿಂದ ಮುಕ್ತಾಯಕ್ಕೆ 1,500ರಿಂದ 2,999 ಅಡಿ ಇಳಿಯುವ ಓಟವಾದರೆ ನಿಮ್ಮ ಟೈಮಿಂಗ್‌ಗೆ 5 ನಿಮಿಷ ಸೇರಿಸುತ್ತಾರೆ. 3,000ರಿಂದ 5,999 ಅಡಿಯಾದರೆ 10 ನಿಮಿಷ. 6,000 ಅಡಿ ಮತ್ತು ಮೇಲಾದರೆ ತಗೊಳ್ಳೋದೇ ಇಲ್ಲ. ಸೇಂಟ್ ಜಾರ್ಜ್ ಇಳಿಯೋದು ಸುಮಾರು 2,560 ಅಡಿ, ಹಾಗಾಗಿ 5 ನಿಮಿಷ. ಈ ಲೆಕ್ಕ ಸೆಪ್ಟೆಂಬರ್ 13ರಿಂದ ಓಡುವ ಓಟಗಳಿಗೆ. ನಿಮ್ಮದು ಅಕ್ಟೋಬರ್, ತಪ್ಪಿಸಿಕೊಳ್ಳೋಕೆ ದಾರಿ ಇಲ್ಲ.

ಹೆಂಗಸರಿಗೆ 40ರಿಂದ 44 ವಯಸ್ಸಿಗೆ 3 ಗಂಟೆ 35 ನಿಮಿಷ. ಆದರೆ ಒಂದು ಸಮಾಧಾನ ಇದೆ. ಲೆಕ್ಕಕ್ಕೆ ಬರೋದು ಬಾಸ್ಟನ್ ಓಟದ ದಿನದ ವಯಸ್ಸು. 2027ರ ಏಪ್ರಿಲ್‌ಗೆ ನಿಮಗೆ 45 ಆಗಿರುತ್ತೆ. ಆಗ 3 ಗಂಟೆ 45 ನಿಮಿಷ. 5 ನಿಮಿಷ ದಂಡ ಕಳೆದರೆ ಸೇಂಟ್ ಜಾರ್ಜ್‌ನಲ್ಲಿ 3.40 ಓಡಬೇಕು. ಅದೂ ಬರೀ ಅರ್ಜಿ ಹಾಕೋಕೆ. ಅರ್ಜಿ ಜಾಸ್ತಿಯಾದರೆ ಇನ್ನೂ ವೇಗದವರನ್ನೇ ಆರಿಸುತ್ತಾರೆ. 2025ರ ಬಾಸ್ಟನ್‌ಗೆ ಅರ್ಹತೆಗಿಂತ 6 ನಿಮಿಷ 51 ಸೆಕೆಂಡ್ ಮುಂಚೆ ಮುಗಿಸಿದವರಿಗೇ ಸೀಟು ಸಿಕ್ಕಿದ್ದು.

ಓಟದಕ್ಕ · ಜುಲೈ 14

ವಯಸ್ಸಾಗುತ್ತೆ ಅನ್ನೋದು ಇಷ್ಟು ಖುಷಿ ಕೊಟ್ಟದ್ದು ಇದೇ ಮೊದಲು!

ಆದರೂ 5 ನಿಮಿಷ ಅನ್ಯಾಯ ಅಲ್ವಾ? ಬಾಸ್ಟನ್ ದಾರಿಯೇ ಇಳಿಜಾರಂತೆ?

ಲೆಕ್ಕದಪುಸ್ತಕ · ಜುಲೈ 14

ಹೌದು, ಸುಮಾರು 140 ಮೀಟರ್ ಇಳಿಯುತ್ತೆ. ಅದಕ್ಕೇ ಅಲ್ಲಿ ವಿಶ್ವದಾಖಲೆ ಮಾಡೋಕಾಗಲ್ಲ. ದಾಖಲೆಗೆ ಕಿಲೋಮೀಟರಿಗೆ ಒಂದು ಮೀಟರ್, ಅಂದರೆ ಫುಲ್ ಮ್ಯಾರಥಾನ್‌ಗೆ 42 ಮೀಟರ್‌ಗಿಂತ ಜಾಸ್ತಿ ಇಳಿಯಬಾರದು. ಶುರು ಮತ್ತು ಮುಕ್ತಾಯದ ನಡುವಿನ ನೇರ ದೂರವೂ ಓಟದ ಅರ್ಧ ದೂರಕ್ಕಿಂತ ಜಾಸ್ತಿ ಇರಬಾರದು. 2011ರಲ್ಲಿ ಕೆನ್ಯಾದ ಜೆಫ್ರಿ ಮುಟಾಯ್ ಅಲ್ಲಿ 2:03:02 ಓಡಿದರು. ಅಲ್ಲಿಯವರೆಗೆ ಯಾರೂ ಅಷ್ಟು ಬೇಗ ಮ್ಯಾರಥಾನ್ ಮುಗಿಸಿರಲಿಲ್ಲ, ಆದರೂ ವಿಶ್ವದಾಖಲೆ ಅಂತ ಒಪ್ಪಲಿಲ್ಲ.

ಗಾಳಿಪಟ77 · ಜುಲೈ 14

ನೋಡಿ, ನಾನು ಹೇಳಿದ್ದನ್ನೇ ಬಾಸ್ಟನ್‌ನವರೂ ಹೇಳಿದ್ದಾರೆ. ಅವರು ಅಡಿ ಲೆಕ್ಕದಲ್ಲಿ, ನಾನು ಸೈಕಲ್ ಲೆಕ್ಕದಲ್ಲಿ.

ಕೊಟ್ಟಿಗೆಹಾರ · ಜುಲೈ 14

ಅವರು ಯಾರಿಗೂ ಬರಬೇಡಿ ಅಂದಿಲ್ಲ. 5 ನಿಮಿಷ ಸೇರಿಸಿ ಬನ್ನಿ ಅಂದರು. ಎರಡಕ್ಕೂ ವ್ಯತ್ಯಾಸ ಇದೆ.

ಸ್ಯಾನ್‌ಹೋಸೆ_ಸುಬ್ಬಿ · ಜುಲೈ 15

ನನ್ನ ಅಭಿಪ್ರಾಯ ಇಬ್ಬರಿಗೂ ಇಷ್ಟ ಆಗಲ್ಲ. ನಾನು ಸಾಲ್ಟ್ ಲೇಕ್ ಸಿಟಿ ಹತ್ತಿರ ಬಿಗ್ ಕಾಟನ್‌ವುಡ್ ಕಣಿವೆಯ ಓಟ ಮಾಡಿದ್ದೇನೆ. ಅದು 1,500 ಮೀಟರ್‌ಗಿಂತ ಜಾಸ್ತಿ ಇಳಿಯುತ್ತೆ. ಅಲ್ಲಿ ನನ್ನ ಟೈಮಿಂಗ್ ಸಪಾಟು ರಸ್ತೆಗಿಂತ 14 ನಿಮಿಷ ಕಮ್ಮಿ ಬಂತು. ನನಗೇ ನಾಚಿಕೆಯಾಯ್ತು, ಅದನ್ನು ಯಾರಿಗೂ ಹೇಳಿಕೊಂಡಿಲ್ಲ (ಇವತ್ತಿನವರೆಗೆ). ಅಷ್ಟು ಕಡಿದಾದ ಓಟಕ್ಕೆ ದಂಡ ಸರಿ. ಆದರೆ ಸೇಂಟ್ ಜಾರ್ಜ್ ಹಾಗಲ್ಲ, ಅದರಲ್ಲಿ ಏರೂ ಇದೆ. ಒಂದೇ ತಕ್ಕಡಿಯಲ್ಲಿ ತೂಗಬಾರದು.

ಬರಿಯ ಟೈಮಿಂಗ್ ಬಿಡಿ, ಉಗುರಿನ ಬಗ್ಗೆ ಯಾರೂ ಹೇಳಲೇ ಇಲ್ಲ. ಇಳಿಯುವಾಗ ಪಾದ ಶೂ ಒಳಗೆ ಮುಂದಕ್ಕೆ ಜಾರಿ ಬೆರಳು ತುದಿಗೆ ಗುದ್ದುತ್ತಲೇ ಇರುತ್ತೆ. ನನ್ನ ಎರಡೂ ಹೆಬ್ಬೆರಳ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ, ದೀಪಾವಳಿ ಹೊತ್ತಿಗೆ ಕಳಚಿಬಿತ್ತು. ಶೂ ಅಂಗಡಿಯವನು "ಇದೇ ನಿಮ್ಮ ಅಳತೆ" ಅಂತ ಸಾಧಿಸಿದ್ದ. ಅರ್ಧ ಸೈಜ್ ದೊಡ್ಡದು ತಗೊಳ್ಳಿ. ಲೇಸನ್ನು ಮೇಲಿನ ಕೊನೇ ತೂತಿಗೂ ಪೋಣಿಸಿ, ಹಿಮ್ಮಡಿ ಅಲ್ಲಾಡದ ಹಾಗೆ ಬಿಗಿಯಿರಿ. ಹಿಂದಿನ ವಾರ ಉಗುರು ಕತ್ತರಿಸಿ, ಹಿಂದಿನ ರಾತ್ರಿ ಬೇಡ.

ಮೆಟ್ಟಿಲುಮಹದೇವ · ಜುಲೈ 15

ಉಗುರಿಗೆ ಕೊಬ್ಬರಿ ಎಣ್ಣೆ.

ಲಡಾಖ್_ಲಿಂಗು · ಜುಲೈ 17

ಇಳಿಜಾರಿಗೆ ಅಮೆರಿಕಕ್ಕೆ ಯಾಕೆ ಹೋಗಬೇಕು? ನಮ್ಮ ಖರ್ದುಂಗ್ ಲಾ ಚಾಲೆಂಜ್ ಇದೆ. 72 ಕಿ.ಮೀ. ಮೊದಲು 32 ಕಿ.ಮೀ. ಹತ್ತಿ, ಆಮೇಲೆ ಲೇಹ್‌ವರೆಗೆ 40 ಕಿ.ಮೀ. ಇಳಿಯೋದು.

ಓಟದಕ್ಕ · ಜುಲೈ 17

ತಮ್ಮ ಲೇಹ್‌ನಲ್ಲಿ ಮನೆ ಮಾಡಿದ ದಿನ ಬರುತ್ತೇನೆ ಸರ್.

ಬೆಣ್ಣೆದೋಸೆ · ಜುಲೈ 19

ಅಕ್ಕ, ನಾನೂ ದಾವಣಗೆರೆ! ಓಟದ ಗಂಧಗಾಳಿ ಇಲ್ಲ, ಆದ್ರೂ ಊರಿನ ಹೆಸರು ನೋಡಿ ಬಂದೆ. ಆ ಸೇಂಟ್ ಜಾರ್ಜ್‌ಗೂ ನಮ್ಮೂರಿಗೂ ಒಂದು ನಂಟಿದೆ, ಹತ್ತಿ. 1861ರಲ್ಲಿ ಮಾರ್ಮನ್ ಅನ್ನೋ ಕ್ರೈಸ್ತ ಪಂಥದವರು ಹತ್ತಿ ಬೆಳೆಯೋಕೆ ಅಂತಲೇ ಕೆಲವು ಕುಟುಂಬಗಳನ್ನು ಅಲ್ಲಿಗೆ ಕಳಿಸಿದ್ದು. ಅದಕ್ಕೇ ಆ ಪ್ರದೇಶಕ್ಕೆ ಡಿಕ್ಸಿ ಅಂತ ಹೆಸರು ಬಿತ್ತು, ಅಮೆರಿಕದ ದಕ್ಷಿಣದ ಹತ್ತಿ ಸೀಮೆಯ ಹೆಸರು ಅದು. ಅವರ ಬಿಳೀ ಗುಡಿ 1877ರಲ್ಲಿ ಮುಗಿಯಿತು, ಮ್ಯಾರಥಾನ್ ಶುರುವಾದದ್ದು ಸರಿಯಾಗಿ ನೂರು ವರ್ಷಕ್ಕೆ, 1977ರಲ್ಲಿ. ಅಲ್ಲಿ ಈಗ ಹತ್ತಿಯೂ ಇಲ್ಲ, ನಮ್ಮಲ್ಲಿ ಹಿಂದಿನಷ್ಟು ಹತ್ತಿ ಮಿಲ್ಲೂ ಇಲ್ಲ. ಹೋಗಲಿ, ದೋಸೆ ಇದೆ.

ಸ್ಯಾನ್‌ಹೋಸೆ_ಸುಬ್ಬಿ · ಜುಲೈ 19

ಇನ್ನೊಂದು. ಸ್ನೋ ಕ್ಯಾನ್ಯನ್ ಹೆಸರು ಕೇಳಿ ಹಿಮ ನೋಡೋಕೆ ಕ್ಯಾಮೆರಾ ತಗೊಂಡು ಹೋಗಬೇಡಿ. ಸ್ನೋ ಅನ್ನೋದು ಆ ಕಾಲದ ಮಾರ್ಮನ್ ಹಿರಿಯರಿಬ್ಬರ ಮನೆ ಹೆಸರು.

ಡಲ್ಲಾಸ್_ದೊಡ್ಡಪ್ಪ · ಆಗಸ್ಟ್ 3

ಮುಖ್ಯವಾದ್ದನ್ನೇ ಮರೆತಿದ್ದೆ. ವೇಗಸ್‌ನಿಂದ ಹೊರಟರೆ ಅರಿಜೋನಾದ ಒಂದು ಮೂಲೆ ದಾಟಿ ಯೂಟಾ ಸೇರುತ್ತೀರಿ. ಯೂಟಾ ಒಂದು ಗಂಟೆ ಮುಂದೆ! ಮಧ್ಯಾಹ್ನ 3ಕ್ಕೆ ಹೊರಟರೆ ತಲುಪುವಾಗ 5 ಅಲ್ಲ, 6. ಬಿಬ್ (ಎದೆಗೆ ಕಟ್ಟಿಕೊಳ್ಳೋ ನಂಬರ್ ಚೀಟಿ) ಶುಕ್ರವಾರವೇ ತಗೋಬೇಕು. ನನ್ನ ಗೆಳೆಯ ಒಬ್ಬ ಬಾಗಿಲು ಹಾಕುವಾಗ ಓಡಿ ಹೋಗಿ ತಗೊಂಡ, ಆ ವಾರದ ಅವನ ವೇಗದ ಓಟ ಅದೇ. ಬೆಳಗಿನ ಅಲಾರಂ ಕೂಡ ಕೈಗಡಿಯಾರದಲ್ಲಿ ಇಟ್ಟಿದ್ದರೆ ಸರಿಮಾಡಿಕೊಳ್ಳಿ.

ದಾರಿಯಲ್ಲಿ ಎಲ್ಲ ಫಲಕವೂ ಮೈಲಿಯಲ್ಲಿ. ನಿಮ್ಮ 3.40ಕ್ಕೆ ಕಿಲೋಮೀಟರಿಗೆ 5 ನಿಮಿಷ 13 ಸೆಕೆಂಡ್, ಮೈಲಿಗೆ 8 ನಿಮಿಷ 23. ಒಂದು ಚೀಟಿಯಲ್ಲಿ ಬರೆದು ಕೈಗೆ ಕಟ್ಟಿಕೊಳ್ಳಿ. 20ನೇ ಮೈಲಿಯಲ್ಲಿ 1.6ರಿಂದ ಗುಣಿಸೋ ತಲೆ ಯಾರಿಗೂ ಇರಲ್ಲ.

ಮೆಟ್ಟಿಲುಮಹದೇವ · ಆಗಸ್ಟ್ 3

ಹಿಂದಿನ ರಾತ್ರಿ ಊಟ? ರಾಗಿ ಮುದ್ದೆ ಬಿಟ್ಟರೆ ಬೇರೆ ಇಲ್ಲ.

ಸ್ಯಾನ್‌ಹೋಸೆ_ಸುಬ್ಬಿ · ಆಗಸ್ಟ್ 3

ಅಣ್ಣ, ನಾಲ್ಕು ಗಂಟೆಗೆ ಬಸ್ಸು. ಮುದ್ದೆ ತಿಂದು ಆ ಬಸ್ಸಲ್ಲಿ ಒಂದು ಗಂಟೆ, ಆಮೇಲೆ ತಾತ್ಕಾಲಿಕ ಶೌಚಾಲಯದ ಸಾಲಲ್ಲಿ ಇನ್ನೊಂದು ಗಂಟೆ. ಯೋಚನೆ ಮಾಡಿ. ಮೊಸರನ್ನ, ಮುಗೀತು.

ಬೆಣ್ಣೆದೋಸೆ · ಆಗಸ್ಟ್ 4

ಅವಲಕ್ಕಿ?

ಮೆಟ್ಟಿಲುಮಹದೇವ · ಆಗಸ್ಟ್ 4

ಅವಲಕ್ಕಿ ತಿಂದು ಮ್ಯಾರಥಾನ್ ಓಡಿದವರನ್ನು ನಾನು ನೋಡಿಲ್ಲ.

ಓಟದಕ್ಕ · ಆಗಸ್ಟ್ 4

ನಾಲ್ಕೂ ಮ್ಯಾರಥಾನ್ ಅವಲಕ್ಕಿ ತಿಂದೇ ಓಡಿದ್ದು ಅಣ್ಣ 🙂

ಓಟದಕ್ಕ · ಸೆಪ್ಟೆಂಬರ್ 8

ತಯಾರಿ ವರದಿ. ಆಗಸ್ಟ್‌ನಲ್ಲಿ ಒಂದು ಬುಧವಾರ ನಂದಿ ಇಳಿದೆ. ಇಳಿದು ಕೆಳಗೆ ಎಳನೀರು ಕುಡಿಯುವಾಗ "ಇಷ್ಟೇನಾ" ಅನ್ನಿಸಿತು. ಗುರುವಾರ ಮೆಟ್ರೋ ಸ್ಟೇಷನ್ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡಿದೆ, ಇಳಿಯೋಕೆ ಧೈರ್ಯ ಬರಲಿಲ್ಲ. ಲಿಫ್ಟ್ ಹತ್ತಿರ ವಯಸ್ಸಾದವರ ಜೊತೆ ನಿಂತೆ. ಶುಕ್ರವಾರ ಇನ್ನೂ ಜಾಸ್ತಿ. ಆಮೇಲೆ ಮನೆ ಹತ್ತಿರದ ರಸ್ತೆಯಲ್ಲಿ ಮೂಳೆಮಾತು ಅವರು ಹೇಳಿದ ಹಾಗೆ ಹತ್ತಿ ಇಳಿದೆ, ವಾರಕ್ಕೊಂದು ಸಲ. ಬೀದಿ ನಾಯಿಗಳು ಮೊದಲು ಅಟ್ಟಿಸಿಕೊಂಡು ಬಂದವು, ಈಗ ಜೊತೆಗೆ ಬರುತ್ತವೆ. ಮೊನ್ನೆ ಎರಡನೇ ಸಲ ನಂದಿ ಇಳಿದೆ, ಮಾರನೇ ದಿನ ಮೆಟ್ಟಿಲು ಸಲೀಸಾಗಿ ಇಳಿದೆ!

ಮೂಳೆಮಾತು · ಸೆಪ್ಟೆಂಬರ್ 8

ಅದೇ ನಾನು ಹೇಳಿದ್ದು. ಇನ್ನು ಕಡಿದಾದ ಇಳಿಜಾರು ಮುಟ್ಟಬೇಡಿ.

ಲೆಕ್ಕದಪುಸ್ತಕ · ಸೆಪ್ಟೆಂಬರ್ 27

2026ರ ಬಾಸ್ಟನ್ ಕಟ್‌ಆಫ್ ಬಂತು. ಅರ್ಹತೆಗಿಂತ 4 ನಿಮಿಷ 34 ಸೆಕೆಂಡ್ ಮುಂಚೆ ಮುಗಿಸಿದವರಿಗೆ ಸೀಟು. ಹೋದ ಸಲಕ್ಕಿಂತ ವಾಸಿ. ನಿಮ್ಮ 2027ಕ್ಕೂ ಹೀಗೇ ಇದ್ದರೆ ಸೇಂಟ್ ಜಾರ್ಜ್‌ನಲ್ಲಿ 3.35 ಬೇಕಾಗುತ್ತೆ.

ಓಟದಕ್ಕ · ಸೆಪ್ಟೆಂಬರ್ 27

ಸರ್, ನಾಡಿದ್ದು ವಿಮಾನ ಹತ್ತುತ್ತಿದ್ದೇನೆ. ಈ ಲೆಕ್ಕ ವಾಪಸ್ ಬಂದ ಮೇಲೆ ಹೇಳಿದ್ದರೆ ಆಗುತ್ತಿರಲಿಲ್ವಾ.

ಓಟದಕ್ಕ · ಅಕ್ಟೋಬರ್ 7

ಮುಗಿಯಿತು. 3:41:50.

ಮೊದಲರ್ಧ 1:49:10, ಎರಡನೇ ಅರ್ಧ 1:52:40. ಈ ದಾರಿ ಗೊತ್ತಿರುವವರಿಗೆ ಇಷ್ಟರಲ್ಲೇ ನನ್ನ ಕಥೆ ಅರ್ಥವಾಗುತ್ತೆ. ಜೋರು ಇಳಿಜಾರು ಇರೋದು ಎರಡನೇ ಅರ್ಧದಲ್ಲಿ, ನಿಧಾನವಾದದ್ದೂ ಅಲ್ಲೇ. ದೊಡ್ಡಪ್ಪ ಅವರು ಅಷ್ಟು ಹೇಳಿದರೂ ಮೊದಲ ಏಳು ಮೈಲಿ ಹಾರಿಕೊಂಡೇ ಬಂದೆ. ಕತ್ತಲಲ್ಲಿ ವಾಚ್ ನೋಡಲಿಲ್ಲ, ನೋಡಿದ್ದರೂ ನಂಬುತ್ತಿರಲಿಲ್ಲ. ಸುತ್ತ ಬರೀ ಹೆಜ್ಜೆ ಸದ್ದು, ಯಾರೂ ಮಾತಾಡುತ್ತಿರಲಿಲ್ಲ, ಮುಂದಿದ್ದವರ ಬೆನ್ನು ಕಪ್ಪಗೆ ಮೇಲೆ ಕೆಳಗೆ ಆಗುತ್ತಿತ್ತು. ಅಷ್ಟು ಸುಖವಾಗಿ ನಾನು ಯಾವತ್ತೂ ಓಡಿಲ್ಲ, ಅದೇ ದುಬಾರಿಯಾಯ್ತು.

ಬಸ್ಸಲ್ಲಿ ಪಕ್ಕದಲ್ಲಿ ಅಲ್ಲಿಯದೇ ಒಬ್ಬ ಹೆಂಗಸು. ಟೀಚರ್, ಇದು ಅವರ ಹನ್ನೊಂದನೇ ಸಲ. ಬೆಂಗಳೂರು ಅಂದೆ. "ಅಷ್ಟು ದೂರದಿಂದ ಬಂದಿದ್ದು ವೇಯೋ ಏರು ಹತ್ತೋಕಾ?" ಅಂತ ನಕ್ಕರು. ಆ ಏರು ನನಗೆ ಏನೂ ಅನ್ನಿಸಲಿಲ್ಲ, ನಿಜ ಹೇಳಬೇಕಂದ್ರೆ. ನಂದಿ ಹತ್ತಿದವರಿಗೆ ಅದೊಂದು ಏರೇ ಅಲ್ಲ. ಅದಾದ ಮೇಲಿನ "ಸಪಾಟು" ಇದೆಯಲ್ಲ, ಅಲ್ಲಿ ಗಾಳಿ ಬಿಟ್ಟ ಬಲೂನ್ ಆದೆ. ಒಣ ಹವೆ. ಬೆವರೇ ಬರುತ್ತಿಲ್ಲ ಅಂದುಕೊಂಡು ನೀರು ಕಮ್ಮಿ ಕುಡಿದೆ. ಕೆನ್ನೆ ಮುಟ್ಟಿಕೊಂಡರೆ ಉಪ್ಪಿನ ಪುಡಿ ಉದುರುತ್ತಿತ್ತು, ಬೆವರು ಬಂದ ಕೂಡಲೇ ಆರುತ್ತಿತ್ತು ಅಷ್ಟೆ.

ಸ್ನೋ ಕ್ಯಾನ್ಯನ್ ಹತ್ತಿರ ತಲೆ ಎತ್ತಿ ನೋಡಿದೆ. ಒಂದು ಹತ್ತು ಹೆಜ್ಜೆ ತೊಡೆ ಮರೆತುಹೋಯ್ತು. ಬಾದಾಮಿ ಗುಡ್ಡದ ಕೆಂಪನ್ನು ತಂದು ಕಣ್ಣಿಗೆ ಕಾಣುವಷ್ಟೂ ದೂರ ಸುರಿದ ಹಾಗಿತ್ತು. ಅದರ ಮೇಲೆ ಹಂಚಿನ ತಳದ ಮಸಿಯ ಹಾಗೆ ಕಪ್ಪು ಲಾವಾ. ಹನ್ನೊಂದನೇ ಹೆಜ್ಜೆಗೆ ತೊಡೆ ಮತ್ತೆ ನೆನಪಾಯ್ತು. 19ನೇ ಮೈಲಿಯಿಂದ ಕೊಟ್ಟಿಗೆಹಾರದವರ ಲೈನರ್ ವಾಸನೆ ಮೂಗಿಗೇ ಬಂತು ಅನ್ನಿ. ಸಣ್ಣ ಹೆಜ್ಜೆ, ಬೇಗ ಹೆಜ್ಜೆ, ಅದನ್ನೇ ಮಂತ್ರದ ಹಾಗೆ ಹೇಳಿಕೊಂಡು ಇಳಿದೆ. ನಡೆಯಲಿಲ್ಲ. ಊರೊಳಗೆ ಬಂದಾಗ ಮಕ್ಕಳು ಕೈ ಚಾಚಿಕೊಂಡು ನಿಂತಿದ್ದವು, ತಟ್ಟೋಕೂ ಕೈ ಏಳಲಿಲ್ಲ.

5 ನಿಮಿಷ ಸೇರಿಸಿದರೆ 3:46:50. ಅರ್ಜಿ ಹಾಕೋಕೂ 1 ನಿಮಿಷ 50 ಸೆಕೆಂಡ್ ಸಾಲದು. ಲೆಕ್ಕದಪುಸ್ತಕ ಸರ್, ದಯವಿಟ್ಟು ಇನ್ನು ಲೆಕ್ಕ ಹಾಕಬೇಡಿ.

ಭಾನುವಾರ ನನ್ನ ತಮ್ಮ, ಊರು ತೋರಿಸುತ್ತೇನೆ ಅಂತ ಕರೆದುಕೊಂಡು ಹೋದ. ಎಲ್ಲಿ ನೋಡಿದರೂ ಮೆಟ್ಟಿಲು. ಒಂದು ಕಡೆ ಹಿಂದುಮುಂದಾಗಿ ತಿರುಗಿ, ಕಂಬಿ ಹಿಡಿದು ಇಳಿದೆ. ಒಬ್ಬರು ಫೋಟೋ ತೆಗೆದುಕೊಂಡರು.

ಗಾಳಿಪಟ77 · ಅಕ್ಟೋಬರ್ 7

ಅಭಿನಂದನೆ ಮೇಡಂ, ಮನಸಾರೆ. 3.52ರಿಂದ 3.41ಕ್ಕೆ. ಆದ್ರೂ ಆ 10 ನಿಮಿಷ ಬೆಟ್ಟದ್ದು.

ಓಟದಕ್ಕ · ಅಕ್ಟೋಬರ್ 7

ಬಾಸ್ಟನ್‌ನವರ ಲೆಕ್ಕದಲ್ಲಿ 5 ಬೆಟ್ಟದ್ದು. ಉಳಿದ 5 ನನ್ನದು, ಕೊಡಲ್ಲ.

ಡಲ್ಲಾಸ್_ದೊಡ್ಡಪ್ಪ · ಅಕ್ಟೋಬರ್ 7

ಸೊಗಸಾಗಿ ಓಡಿದ್ದೀರಿ. ಮರಳುಗಲ್ಲಿನ ಪದಕ ಸಿಕ್ತಲ್ಲ, ಕೈಚೀಲದಲ್ಲೇ ತನ್ನಿ. ನನ್ನ ಮೊದಲನೆಯದು ಸೂಟ್‌ಕೇಸ್‌ನಲ್ಲಿ ಎರಡು ಹೋಳಾಯ್ತು.

ಸ್ಯಾನ್‌ಹೋಸೆ_ಸುಬ್ಬಿ · ಅಕ್ಟೋಬರ್ 7

ಉಗುರು?

ಓಟದಕ್ಕ · ಅಕ್ಟೋಬರ್ 7

ಹತ್ತಕ್ಕೆ ಒಂಬತ್ತು ಕ್ಷೇಮ. ಎಡಗಾಲಿನ ಎರಡನೇ ಬೆರಳು ನೇರಳೆ ಹಣ್ಣು.

ಮೆಟ್ಟಿಲುಮಹದೇವ · ಅಕ್ಟೋಬರ್ 8

ಕೊಬ್ಬರಿ ಎಣ್ಣೆ ಹಚ್ಚಿದ್ರಾ?

ಓಟದಕ್ಕ · ಅಕ್ಟೋಬರ್ 8

ಒಂಬತ್ತಕ್ಕೆ ಹಚ್ಚಿದ್ದೆ ಅಂದುಕೊಳ್ಳಿ ಅಣ್ಣ.

ಒಂದು ವಿಷಯ ಬರೆಯೋದು ಬಿಟ್ಟಿದ್ದೆ. ಬೆಟ್ಟದ ಮೇಲೆ ಎಸೆಯೋಕೆ ಅಂತ ತಮ್ಮನ ಬೀರುವಿನ ತಳದಿಂದ ಒಂದು ಹಳೇ ಸ್ವೆಟರ್ ಎಳೆದುಕೊಂಡು ಹೋಗಿದ್ದೆ. ಮೊಣಕೈ ತೂತು, ಬಣ್ಣ ಮಾಸಿತ್ತು. ಬೆಂಕಿ ಪಕ್ಕ ತೆಗೆದಿಟ್ಟು ಓಡಿದೆ. ನಿನ್ನೆ ಅವನು ಬೀರು ಹುಡುಕುತ್ತಿದ್ದಾನೆ. ಅದು ಅವನ ಇಂಜಿನಿಯರಿಂಗ್ ಕಾಲೇಜಿನ ಹಾಕಿ ಟೀಮ್ ಸ್ವೆಟರ್ ಅಂತೆ, ಬೆನ್ನ ಮೇಲೆ ಕನ್ನಡದಲ್ಲಿ "ದಾವಣಗೆರೆ" ಅಂತ ಇತ್ತಂತೆ. ಕತ್ತಲಲ್ಲಿ ನಾನು ನೋಡಲೇ ಇಲ್ಲ. ಆಗಿನಿಂದ ಮಾತು ಬಿಟ್ಟಿದ್ದಾನೆ.

ಬೆಣ್ಣೆದೋಸೆ · ಅಕ್ಟೋಬರ್ 8

ಅಕ್ಕ, ಹತ್ತಿದೋ ಉಣ್ಣೆದೋ?

ಓಟದಕ್ಕ · ಅಕ್ಟೋಬರ್ 8

ಹತ್ತಿ.

ಬೆಣ್ಣೆದೋಸೆ · ಅಕ್ಟೋಬರ್ 8

ಹಾಗಾದ್ರೆ ತಮ್ಮನಿಗೆ ಹೇಳಿ, ಸರಿಯಾದ ಊರಿಗೇ ಹೋಗಿ ಸೇರಿದೆ. ಈ ಚಳಿಗಾಲಕ್ಕೆ ಯೂಟಾದಲ್ಲಿ ಯಾರೋ ಒಬ್ಬರು ಬೆನ್ನ ಮೇಲೆ ದಾವಣಗೆರೆ ಹೊತ್ತುಕೊಂಡು ಓಡಾಡ್ತಾರೆ.